ಖೋ ಎನ್ನುವ ಕಷ್ಟ

ನಾನು ಆಟಗಾರ್ತಿಯೆಂದು ಈ ಕಾಲೇಜಿನಲ್ಲಿ ಯಾರಾದರೂ ತಿಳಿದುಕೊಂಡಿದ್ದರೆ ಅದು ಅವರ ಔದಾರ್ಯ. ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ತಾಲ್ಲೂಕು ಮಟ್ಟದವರೆಗೆ ಖೋ-ಖೋ ಆಡಿದ್ದೆ, ಅಷ್ಟೆ. ಆದರೂ ನಮ್ಮೂರ ಶಾಲೆಯ ಡ್ರಿಲ್ ಮೇಷ್ಟ್ರು ವರ್ಗವಾಗಿ ಹೋದಮೇಲೆ, "ಬಿ.ಎ. ಓದುವ ಹುಡುಗಿ, ಸಂಜೆ ಹೊತ್ತು ಸುಮ್ಮನೆ ತಾನೆ ಇರುತ್ತೀಯೆ?" ಎಂದು ಹೆಡ್‌ಮೇಷ್ಟ್ರು ನನ್ನನ್ನು ಹಿಡಿದುಹಾಕಿದರು. ಹೆಣ್ಣುಮಕ್ಕಳದೊಂದು ತಂಡ ಕಟ್ಟಬೇಕು, ನಾನು ಕಲಿಸಬೇಕು. ಒಪ್ಪಿಕೊಂಡೆ. ಬಿ.ಎ. ಓದುವವರು ಸಂಜೆ ಸುಮ್ಮನಿರುತ್ತಾರೆಂಬ ಮಾತನ್ನು ನಮ್ಮ ಉಪನ್ಯಾಸಕರು ನಂಬಬಾರದಾಗಿ ವಿನಂತಿ.

ಮಕ್ಕಳಿಗೆ ಬೇಕಾಗಿದ್ದುದು ಫುಟ್‌ಬಾಲ್. ಶಾಲೆಯಲ್ಲಿ ಹಳೆಯ ಚೆಂಡೊಂದಿತ್ತು. ಒಂದು ವಾರ ಆಡಿದೆವು. ಆದರೆ ನಮ್ಮೂರು ತಿಪಟೂರಿಗೂ ತುರುವೇಕೆರೆಗೂ ನಡುವೆ ಇರುವಂಥದು. ಈ ಸೀಮೆಯಲ್ಲಿ ಬಯಲೆಂಬುದೇ ಅಪರೂಪ. ಗೇಣು ಜಾಗ ಕಂಡರೆ ತೆಂಗಿನ ಸಸಿ ನೆಡುವ ಜನ ನಾವು. ಶಾಲೆಯ ಮೂರು ಕಡೆಯೂ ತೋಟ. ಎಂಟನೆಯ ದಿನ ಚೆಂಡು ಬೇಲಿ ಹಾರಿ ತೋಟದ ಬಾವಿಗೆ ಬಿದ್ದಿತು. ತೋಟದವರ ಬೈಗುಳವನ್ನು ನಾನೇ ಪೂರ್ತಿಯಾಗಿ ಕೇಳಿಸಿಕೊಂಡೆ. ಖೋ-ಖೋಗಾದರೆ ಇಪ್ಪತ್ತೇಳು ಮೀಟರು ಉದ್ದ, ಹದಿನಾರು ಮೀಟರು ಅಗಲದ ನೆಲ ಸಾಕು. ಎರಡು ಕಂಬ ಬೇಕು. ಅಡಿಕೆ ಮರದ ತುಂಡುಗಳನ್ನು ನುಣ್ಣಗೆ ಕೆತ್ತಿಸಿ ನೆಟ್ಟೆವು. ಗೆರೆಗೆ ಒಲೆಯ ಬೂದಿ.

ಊರಿನ ಹಿರಿಯರೊಬ್ಬರು, ಹೆಣ್ಣುಮಕ್ಕಳು ಹೀಗೆ ಓಡಬಾರದು, ದೇಹಕ್ಕೆ ಕೆಟ್ಟದ್ದು ಎಂದರು. ಈ ಮಾತು ನಮ್ಮೂರಿನದು ಮಾತ್ರವಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ೧೯೨೦ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ನೋಡಲು ಐವತ್ತು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರಂತೆ. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಘ, ಈ ಆಟ ಹೆಂಗಸರಿಗೆ ಸಲ್ಲದೆಂದು ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಸುಮಾರು ಅರ್ಧ ಶತಮಾನ ಹಾಗೆಯೇ ಇತ್ತು. ಇದನ್ನು ನಾನು ಆ ಹಿರಿಯರಿಗೆ ವಿಸ್ತಾರವಾಗಿ ಹೇಳಿದೆ. ಅವರು, "ನೋಡಿದೆಯಾ, ಅವರಿಗೂ ಗೊತ್ತಾಯಿತು" ಎಂದು ತಲೆಯಾಡಿಸಿ ಹೊರಟುಹೋದರು. ಚರಿತ್ರೆ ಓದಿದುದರಿಂದ ನನಗಾದ ಪ್ರಯೋಜನ ಇಷ್ಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಖೋ-ಖೋದಲ್ಲಿ ಎಂಟು ಜನ ಚೌಕಗಳಲ್ಲಿ ಒಬ್ಬರು ಅತ್ತ ಒಬ್ಬರು ಇತ್ತ ಮುಖ ಮಾಡಿ ಕೂತಿರುತ್ತಾರೆ, ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ ಎಂಬುದು ಎಲ್ಲರಿಗೂ ಗೊತ್ತು. ಅಟ್ಟುವವಳು ಕೂತವರ ನಡುವೆ ನುಸುಳುವಂತಿಲ್ಲ, ಹಿಡಿದ ದಿಕ್ಕಿನಿಂದ ಹಿಂದಿರುಗುವಂತಿಲ್ಲ. ಸಾಧ್ಯವಾಗದಿದ್ದರೆ ಕೂತವಳ ಬೆನ್ನು ಮುಟ್ಟಿ 'ಖೋ' ಎನ್ನಬೇಕು. ಅದೂ ಅಂಪೈರಿಗೆ ಕೇಳಿಸುವಂತೆ. ಮುಟ್ಟಿದರೆ ಸಾಲದು, ಬಾಯಿ ಬಿಡಬೇಕು.

ನಮ್ಮ ತಂಡದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಹೆಸರು ಬೇಡ. ಅವಳಷ್ಟು ವೇಗವಾಗಿ ಕಂಬ ತಿರುಗುವವರು ಇನ್ನೊಬ್ಬರಿರಲಿಲ್ಲ. ಆದರೆ ಬೆನ್ನು ಮುಟ್ಟಿದೊಡನೆ ಗಂಟಲು ಕಟ್ಟಿಹೋಗುತ್ತಿತ್ತು. ತುಟಿ ಆಡುತ್ತಿತ್ತು, ಸದ್ದಿಲ್ಲ. ಕೂತವಳು ಏಳಬೇಕೋ ಬೇಡವೋ ತಿಳಿಯದೆ ತಿರುಗಿ ನೋಡುತ್ತಿದ್ದಳು. ಅಷ್ಟರಲ್ಲಿ ಓಡುವವಳು ಎಲ್ಲಿಯೋ.

ಆಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಂದು ಸಂಜೆ ಅವಳೊಬ್ಬಳನ್ನೇ ಅಂಗಳದ ಮಧ್ಯೆ ನಿಲ್ಲಿಸಿ, "ಇಪ್ಪತ್ತು ಸಲ ಕೂಗು. ಕೂಗುವವರೆಗೂ ಮನೆಗೆ ಹೋಗಬೇಡ" ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಅವಳು ಒಂದು ಸಲವೂ ಕೂಗಲಿಲ್ಲ. ಕತ್ತಲಾದಮೇಲೆ ನಾನೇ ಹೋಗೆಂದೆ. ಮರುದಿನ ಆಟಕ್ಕೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಒಂಬತ್ತು ದಿನ.

ಆ ಒಂಬತ್ತು ದಿನಗಳಲ್ಲಿ ನನಗೆ ನೆನಪಾದುದು ನನ್ನದೇ ಮೊದಲ ವರ್ಷದ ತರಗತಿ. ಉಪನ್ಯಾಸಕರು ಪ್ರಶ್ನೆ ಕೇಳುವರು, ಉತ್ತರ ನಾಲಗೆಯ ತುದಿಯಲ್ಲಿರುವುದು, ನಾನು ಪುಸ್ತಕದೊಳಕ್ಕೆ ತಲೆ ತಗ್ಗಿಸುವೆನು. ಇದು ನನ್ನೊಬ್ಬಳ ಕಥೆಯಲ್ಲವೆಂದು ಹಿಂದಿನ ಬೆಂಚಿನ ಗೆಳತಿಯರು ಬಲ್ಲರು. ಮನೆಯಲ್ಲಿ "ಮೆಲ್ಲಗೆ ಮಾತಾಡೇ" ಎಂದು ಹದಿನೆಂಟು ವರ್ಷ ಹೇಳಿಸಿಕೊಂಡ ಗಂಟಲು ಕಾಲೇಜಿನ ಗಂಟೆ ಹೊಡೆದ ಕೂಡಲೆ ಬಿಟ್ಟುಕೊಳ್ಳುವುದೆ?

ಹತ್ತನೆಯ ದಿನ ಅವಳ ಮನೆಗೆ ಹೋದೆ. ಅಂಗಳದಲ್ಲಿ ಕೊಬ್ಬರಿ ಕೆಲಸ ನಡೆದಿತ್ತು. ವರ್ಷದಷ್ಟು ಕಾಲ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ಹುಡುಗಿ ನನ್ನನ್ನು ಕಂಡು ಒಳಕ್ಕೆ ಹೋದಳು. ಅವಳ ಅಜ್ಜಿ ಕತ್ತಿ ಕೆಳಗಿಡದೆಯೇ, "ಏನವ್ವ, ನಮ್ ಮಗೀನ ಎಲ್ರೆದುರಿಗೆ ನಿಲ್ಸಿ ನಗಾಡುದ್ರಂತೆ?" ಎಂದರು. ಆಟಕ್ಕೆ ಕಳಿಸುವುದಿಲ್ಲ ಎನ್ನುತ್ತಾರೆಂದು ಉತ್ತರ ಕಟ್ಟಿಕೊಂಡು ಹೋಗಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ತಪ್ಪಾಯ್ತು ಅಜ್ಜಿ" ಎಂದೆ. "ನಂಗ್ಯಾಕೆ ಹೇಳ್ತೀಯ, ಒಳಗವ್ಳೆ, ಅವ್ಳಿಗೆ ಹೇಳು" ಎಂದರು. ನನಗಿಂತ ಎಂಟು ವರ್ಷ ಚಿಕ್ಕವಳ ಎದುರು ನಿಂತು ಆ ಮಾತು ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ನನ್ನ ದನಿಯೂ ಹೊರಡಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ಅವಳು, "ಆಯ್ತು ಬಿಡಕ್ಕ" ಎಂದಳು.

ಅನಂತರ ಕಲಿಸುವ ಕ್ರಮ ಬದಲಾಯಿಸಿದೆ. ಒಬ್ಬರನ್ನೇ ನಿಲ್ಲಿಸುವುದು ಬಿಟ್ಟೆ. ಎಲ್ಲರೂ ಕೂತಲ್ಲಿಯೇ ಒಟ್ಟಿಗೆ ಕೂಗುವುದು, ಬಳಿಕ ನಾಲ್ವರು, ಬಳಿಕ ಇಬ್ಬರು. ತಪ್ಪಿದವಳನ್ನು ನೋಡಿ ನಕ್ಕರೆ ನಕ್ಕವಳೇ ಒಂದು ಸುತ್ತು ಓಡಬೇಕು; ಈ ಕಾನೂನು ನನಗೂ ಅನ್ವಯ. ಎರಡು ಸಲ ಓಡಿದ್ದೇನೆ. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ನಮ್ಮ ಮಹಿಳೆಯರು ನೇಪಾಳವನ್ನು ೭೮-೪೦ರಿಂದ ಸೋಲಿಸಿದುದನ್ನು ನನ್ನ ಫೋನಿನಲ್ಲಿ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರೆಂದು ತಿಳಿದಮೇಲೆ ನಮ್ಮ ಮಕ್ಕಳು ಕೇಳಿದ ಪ್ರಶ್ನೆ ಒಂದೇ: "ಅಕ್ಕ, ಅದೂ ನಮ್ಮಂಗೆ ಹಳ್ಳೀನಾ?"

ಕಳೆದ ತಿಂಗಳು ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಯೊಂದರ ಮೇಲೆ ಪಂದ್ಯವಾಡಲು ಹೋದೆವು. ಕೊನೆಯ ಸರದಿ; ಒಂದು ಅಂಕ ಬಂದರೆ ಸಮ. ನಮ್ಮ ಹುಡುಗಿ ಬೆನ್ನು ಮುಟ್ಟಿದಳು, ಕೂತವಳು ಎದ್ದಳು, ಸೀಟಿ ಮೊಳಗಿತು. ಖೋ ಕೇಳಿಸಲಿಲ್ಲ, ಫೌಲ್ ಎಂದರು ಅಂಪೈರು. ನಾನು ಗೆರೆಯ ಹೊರಗೆ ತಲೆಯ ಮೇಲೆ ಕೈಯಿಟ್ಟುಕೊಂಡೆ. ಅಷ್ಟರಲ್ಲಿ ಇಡೀ ಮೈದಾನಕ್ಕೆ ಕೇಳುವಂತೆ ದನಿಯೊಂದು ಬಂತು: "ಅಂದೆ ಸಾರ್! ನಾನು ಖೋ ಅಂದೆ ಸಾರ್, ನಿಮಗೆ ಕೇಳಿಸಲಿಲ್ಲ!"

ತೀರ್ಪು ಬದಲಾಗಲಿಲ್ಲ. ಒಂದು ಅಂಕದಿಂದ ಸೋತೆವು. ತಿಪಟೂರಿನ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ನನ್ನೊಡನೆ ವಾದಿಸುತ್ತಲೇ ಇದ್ದಳು. ಅಂದದ್ದು ನಿಜ, ಬೇಕಾದರೆ ಕೂತವಳನ್ನು ಕೇಳಿ ಎಂದು. ಮುಂದಿನ ಸೀಟಿನವರು ತಿರುಗಿ, "ಸ್ವಲ್ಪ ಮೆಲ್ಲಗೆ ಮಾತಾಡಮ್ಮ" ಎಂದರು. ಅವಳು ಕಿಟಕಿಯ ಕಡೆ ತಿರುಗಿ ಅಷ್ಟೇ ಜೋರಾಗಿ ಮುಂದುವರಿಸಿದಳು.