ಬಂಧನವೂ ಬದ್ಧತೆಯೂ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ತರುಣರ ನೇಮಕಾತಿ ಪತ್ರದಲ್ಲಿ ‘ನೋಟಿಸ್ ಅವಧಿ’ಯೆಂಬ ಷರತ್ತು ಇರುವುದು ವಾಡಿಕೆ. ಬಿಡಬಯಸುವವರು ಮುಂಚಿತವಾಗಿ ತಿಳಿಸಿ, ಕೆಲಸ ಒಪ್ಪಿಸಿ ಹೊರಡಬಹುದು. ಉದ್ಯೋಗಕ್ಕೆ ಇದು ಸರಿಯಾದ ನಿಯಮವೇ. ಆದರೆ ಕೆಲವು ವರ್ಷಗಳಿಗೊಮ್ಮೆ ಸಂಸ್ಥೆ ಬದಲಿಸುವ ಮನಸ್ಸು ಒಲವಿನಲ್ಲಿಯೂ ಬಾಗಿಲನ್ನು ಅರೆತೆರೆದಿಡಲು ಕಲಿತರೆ ಆಶ್ಚರ್ಯವಿಲ್ಲ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರನಾಗಿರುವ ಯುವಕ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಂತ್ರಾಂಶ ಬರೆಯುವ ಯುವತಿ, ಇಂತಹ ಜೋಡಿಯೊಂದನ್ನು ಊಹಿಸಿಕೊಳ್ಳಬಹುದು. ಇಬ್ಬರ ನಡುವೆ ಇಡೀ ನಗರವೇ ಅಡ್ಡಲಾಗಿದೆ. ಪೀಣ್ಯಕ್ಕೆ ಮೆಟ್ರೋ ರೈಲು 2014ರಲ್ಲಿಯೇ ಬಂದರೂ ಎಲೆಕ್ಟ್ರಾನಿಕ್ ಸಿಟಿಯನ್ನು ಅದು ಮುಟ್ಟಿದ್ದು 2025ರ ಆಗಸ್ಟ್‌ನಲ್ಲಿ. ಭೇಟಿಯೆಲ್ಲ ಭಾನುವಾರಗಳಲ್ಲಿ. ಜಂಟಿ ಸಾಲದ ಮೇಲೆ ಮನೆಯೊಂದಕ್ಕೆ ಮುಂಗಡ ಕೊಟ್ಟಾಯಿತು, ಹಿರಿಯರೂ ಒಪ್ಪಿದರು. ಆದರೂ ‘ಇನ್ನು ನೀನೇ’ ಎಂದು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಿಲ್ಲ. ದಿನ ಕಳೆದಂತೆ ಬಿಡುವುದು ಕಷ್ಟವಾಯಿತು, ಅಷ್ಟೆ.

ಬಿಡಲಾಗದಿರುವುದು ಬೇರೆ, ಬಿಡಬಾರದೆಂದು ನಿಶ್ಚಯಿಸುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಕಾಟ್ ಸ್ಟ್ಯಾನ್ಲಿ, ಹೋವರ್ಡ್ ಮಾರ್ಕ್‌ಮನ್ ಅವರು 1992ರಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಆಸ್ತಿ, ಸಾಲ, ಲೋಕದ ಮಾತು ಇವುಗಳ ಕಟ್ಟು ಒಂದು, ಸಮರ್ಪಣೆ ಇನ್ನೊಂದು. ಮೊದಲನೆಯದನ್ನು ಹೀಗಳೆಯಬೇಕಾಗಿಲ್ಲ, ಕಷ್ಟಕಾಲದಲ್ಲಿ ಎಷ್ಟೋ ಮನೆಗಳನ್ನು ಅದೇ ಹಿಡಿದು ನಿಲ್ಲಿಸಿದೆ. ಆದರೆ ಅದು ಕಾಲನ್ನು ತಡೆಯಬಲ್ಲುದು, ಕಣ್ಣನ್ನಲ್ಲ. ಕಣ್ಣಿನ ವಿಷಯದಲ್ಲಿ ಡೆನ್ನಿಸ್ ಜಾನ್ಸನ್, ಕ್ಯಾರಿಲ್ ರಸ್ಬಲ್ಟ್ ಅವರ 1989ರ ಅಧ್ಯಯನ ಕುತೂಹಲಕರ. ತಮ್ಮ ಸಂಬಂಧಕ್ಕೆ ಹೆಚ್ಚು ಬದ್ಧರಾದವರಿಗೆ ಅನ್ಯರು ಅಷ್ಟಾಗಿ ಆಕರ್ಷಕರೆನಿಸಲಿಲ್ಲ; ಆ ಅನ್ಯರು ನಿಜಕ್ಕೂ ಸುಂದರರಾಗಿದ್ದಾಗಲೇ ಈ ಉಪೇಕ್ಷೆ ಹೆಚ್ಚು. ಸಂದೇಹವೆಲ್ಲ ತೀರಿದ ಮೇಲೆ ನಿಶ್ಚಯಿಸುವೆನೆಂದು ಕಾಯುವವರಿಗೆ ಬಹುಶಃ ಕ್ರಮವೇ ತಲೆಕೆಳಗಾಗಿದೆ.

ಶ್ರಾವಕನ ಅಣುವ್ರತಕ್ಕೆ ‘ಸ್ವದಾರಸಂತೋಷ’ವೆಂಬ ಹೆಸರುಂಟು. ಹೆಸರಿನಲ್ಲಿರುವುದು ನಿಷೇಧವಲ್ಲ, ತೃಪ್ತಿ. ವ್ರತವು ನುಡಿದು ಸ್ವೀಕರಿಸುವಂಥದು. ತಾನಾಗಿ ಬಂದು ಸೇರುವಂಥದಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಪ್ರತಿಯೊಂದು ವ್ರತಕ್ಕೂ 5 ಅತಿಚಾರಗಳನ್ನು ಎಣಿಸಿಟ್ಟಿದೆ. ಮನುಷ್ಯನು ಎಡವುವನೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ಶಾಸ್ತ್ರವಿದು.

1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯನ್ನು ಅಮೃತಮತಿಯ ಚಾಂಚಲ್ಯದ ಕಥೆಯೆಂದೇ ಓದುವ ರೂಢಿ. ಅವಳು ಮಾವುತನಿಗೆ ಒಲಿದುದು ನಿಜ. ಆದರೆ ಅದನ್ನು ಕಣ್ಣಾರೆ ಕಂಡು, ಎತ್ತಿದ ಕತ್ತಿಯನ್ನು ತಡೆದುಕೊಂಡ ಯಶೋಧರನ ಮರುದಿನವನ್ನು ಗಮನಿಸುವವರು ಕಡಿಮೆ. ಹೆಂಡತಿಯೊಡನೆ ನೇರವಾಗಿ ಆಡಬೇಕಾಗಿದ್ದ ಮಾತು ತಾಯಿಯ ಬಳಿ ದುಃಸ್ವಪ್ನದ ವೇಷ ಧರಿಸಿತು. ಆ ಸುಳ್ಳು ಕನಸಿನ ಶಾಂತಿಗೆಂದು ಹಿಟ್ಟಿನ ಕೋಳಿಯ ಬಲಿ; ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರಿಗೂ ಭವಭವಗಳ ಅಲೆದಾಟ. ದಂಪತಿಗಳ ನಡುವಿನ ಮೌನಕ್ಕೆ ಇಷ್ಟು ದೊಡ್ಡ ಬೆಲೆ ಕಟ್ಟಿದ ಕಾವ್ಯ ಕನ್ನಡದಲ್ಲಿ ಮತ್ತೊಂದಿರಲಾರದು.

ಪೀಣ್ಯದ ಯುವಕನ ಮನೆಯಲ್ಲಿ ಈಗ ಮುಹೂರ್ತದ ಮಾತು ನಡೆದಿರಬಹುದು. ಸಂಬಳ, ಸ್ವಂತ ಮನೆಗಳನ್ನು ವಿಚಾರಿಸುವ ಹಿರಿಯರು ಅದಕ್ಕೆ ಮೊದಲು ಇನ್ನೊಂದನ್ನು ಕೇಳಬೇಕು: ಈ ಸಾಲವೂ ಈ ಮನೆಯೂ ಇಲ್ಲದಿದ್ದರೆ ನೀವಿಬ್ಬರೂ ಜೊತೆಯಾಗಿರಲು ಬಯಸುವಿರಾ? ಉತ್ತರಕ್ಕೆ ಒಂದು ಭಾನುವಾರ ಸಾಲದಿದ್ದರೆ ಇನ್ನೊಂದಕ್ಕೆ ಕಾಯಬಹುದು. ಲಗ್ನಪತ್ರಿಕೆ ಅಚ್ಚಾಗಲು ಈಗ ಹೆಚ್ಚು ದಿನ ಬೇಕಾಗುವುದಿಲ್ಲ.