ಏಳನೆಯ ಅಭ್ಯಾಸ

ನಮ್ಮ ಶಾಲೆಯಲ್ಲಿ ಚಾರ್ಟು ಬರೆಯುವ ಕೆಲಸ ಬಂತೆಂದರೆ ಎಲ್ಲರ ಕಣ್ಣೂ ನನ್ನ ಮೇಲೆಯೇ. ನನ್ನ ಅಕ್ಷರ ದುಂಡಗಿದೆ ಎನ್ನುವುದು ಅವರು ಬಾಯಿಬಿಟ್ಟು ಹೇಳುವ ಕಾರಣ. ಕನ್ನಡ ಪಾಠ ಮಾಡುವವಳಿಗೆ ಬೇರೇನು ಕೆಲಸ ಎನ್ನುವುದು ಹೇಳದೇ ಇರುವ ಕಾರಣ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದಾಗ ಒಂದು ಚಾರ್ಟು ಬರೆದಿದ್ದೆ. ಅದನ್ನು ಇಲಿ ತಿಂದಿತು. ಕೈಚೀಲಗಳು ಮಾತ್ರ ಸಂತೆಯಲ್ಲಿ ಸುಖವಾಗಿಯೇ ಇದ್ದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಕ್ಕೆಲ್ಲ ನಿಷೇಧ ಬಂದಾಗ ಇನ್ನೊಂದು ಚಾರ್ಟು ಬೇಕಾಯಿತು. ‘ಪರಿಸರಕ್ಕೆ ಹತ್ತು ಒಳ್ಳೆಯ ಅಭ್ಯಾಸಗಳು’ ಎಂದು ಹಸಿರು ಶಾಯಿಯಲ್ಲಿ ತಲೆಬರಹ ಕೊಟ್ಟು ಬರೆದೆ. ನಲ್ಲಿ ಬಿಟ್ಟು ಹೋಗಬೇಡಿ, ಪೇಟೆಗೆ ಬಟ್ಟೆಚೀಲ ಒಯ್ಯಿರಿ, ಹಗಲು ದೀಪ ಉರಿಸಬೇಡಿ, ನೋಟುಬುಕ್ಕಿನ ಖಾಲಿ ಹಾಳೆ ಹರಿದು ದೋಣಿ ಮಾಡಬೇಡಿ — ಹೀಗೆ. ಇವೆಲ್ಲ ಹೇಳುವವರಿಗೂ ಕಷ್ಟವಿಲ್ಲ, ಕೇಳುವವರಿಗೂ ಕಷ್ಟವಿಲ್ಲ. ಏಳನೆಯದಾಗಿ, ‘ಪ್ಲಾಸ್ಟಿಕ್ ಸುಡಬೇಡಿ’ ಎಂದು ಬರೆದಿದ್ದೆ.

ನಮ್ಮದು ಶಿರಸಿಯ ಕಡೆಯ ಹಳ್ಳಿ. ಜುಲೈ ಎಂದರೆ ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ. ಎಂಟನೇ ತರಗತಿಯಲ್ಲಿ ಚಾರ್ಟನ್ನು ಓದಿಸುತ್ತಿದ್ದೆ. ಏಳನೆಯದಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಅಕ್ಕೋರೇ, ಬಚ್ಚಲೊಲೆಗೆ ಹಾಕಿದ್ರೂ ತಪ್ಪಾ?”

ತಪ್ಪೇ, ಎಲ್ಲಿ ಸುಟ್ಟರೂ ಹೊಗೆ ಹೊಗೆಯೇ ಅಂದೆ.

“ನಿಮ್ಮನೇಲಿ ಒಲೆ ಹೊತ್ತಿಸೋದು ಎಂತದ್ರಲ್ಲಿ?”

ಕೇಳುವುದರಲ್ಲಿ ಕುಚೋದ್ಯವೇನೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಅಕ್ಕೋರ ಮನೆಯಲ್ಲಿ ಯಾವುದೋ ಬೇರೆ ಉಪಾಯವಿದ್ದರೆ ತಾನೂ ಮನೆಯಲ್ಲಿ ಹೇಳಬಹುದಲ್ಲ ಎಂದು. ನಾನು ಒಂದು ಕ್ಷಣವೂ ತಡಮಾಡದೆ, “ತೆಂಗಿನ ಗರಿಯಲ್ಲಿ” ಎಂದುಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು. ನೋಡಿ, ಸುಮ್ಮನೆ ಕುಳಿತುಕೊಂಡಳು.

ಆ ಹುಡುಗಿ ದಿನಾ ಬೆಳಿಗ್ಗೆ ಶಾಲೆಗೆ ಬರುವುದು ನಮ್ಮ ಮನೆಯ ಹಿಂದಿನ ಕಾಲುದಾರಿಯಲ್ಲಿ. ಬಚ್ಚಲುಮನೆ ಇರುವುದೂ ಆ ಬದಿಗೇ. ಮಳೆಗಾಲದಲ್ಲಿ ಹೊಗೆ ಮೇಲೇರುವುದಿಲ್ಲ, ಹಂಚಿನ ಸಂದಿಯಿಂದ ಇಳಿದು ದಾರಿಯ ಮೇಲೆಯೇ ಮಲಗುತ್ತದೆ. ಹಾಲಿನ ಪ್ಯಾಕೆಟ್ ಸುಟ್ಟ ವಾಸನೆ ಯಾರಿಗೆ ತಿಳಿಯುವುದಿಲ್ಲ, ನೀವೇ ಹೇಳಿ. ಇದೆಲ್ಲ ನನಗೆ ಹೊಳೆದದ್ದು ಸಂಜೆ ಮನೆಗೆ ಬಂದು ಬಚ್ಚಲೊಲೆಯ ಬದಿಯಲ್ಲಿ ನೇತುಹಾಕಿದ್ದ ಪ್ಯಾಕೆಟ್‌ಗಳ ಕಂತೆಯನ್ನು ನೋಡಿದಾಗ.

ಆ ಕಂತೆ ನಮ್ಮ ಮನೆಗೆ ಬಂದದ್ದಕ್ಕೂ ಒಂದು ಕತೆಯಿದೆ. 2009ರವರೆಗೆ ನಮ್ಮಲ್ಲಿ ಆಕಳಿತ್ತು. ಅಕ್ಕಚ್ಚು, ತರಕಾರಿ ಸಿಪ್ಪೆ, ಉಂಡ ಬಾಳೆಲೆ ಎಲ್ಲ ಅದರ ಬಾಯಿಗೆ ಹೋಗುತ್ತಿತ್ತು. ‘ಹಸಿ ಕಸ’ ಎಂಬ ಶಬ್ದವೇ ಆಗ ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ನಾನು ಶಾಲೆಗೆ, ಇವರು ತೋಟಕ್ಕೆ, ಅತ್ತೆಯವರಿಗೆ ಮೊಣಕಾಲು ನೋವು. ಕೊಟ್ಟಿಗೆ ನೋಡುವವರಿಲ್ಲದೆ ಆಕಳನ್ನು ಕೊಟ್ಟುಬಿಟ್ಟೆವು. ಮಾರನೆಯ ದಿನದಿಂದ ಅರ್ಧ ಲೀಟರಿನ ಎರಡು ಪ್ಯಾಕೆಟ್ ಹಾಲು ಬಾಗಿಲಿಗೆ ಬಂತು. ಒಲೆ ಹೊತ್ತಿಸಲು ಹನಿಸುತ್ತಿದ್ದ ರೇಷನ್ನಿನ ಸೀಮೆಎಣ್ಣೆಯೂ ಬರಬರುತ್ತ ಕಡಿಮೆಯಾಗಿ ನಿಂತಿತು. ಅದರ ಜಾಗವನ್ನು ಪ್ಯಾಕೆಟ್ ಹಿಡಿಯಿತು. ಎಷ್ಟೇ ಹಸಿ ಕಟ್ಟಿಗೆಯಿರಲಿ, ಒಂದು ಪ್ಯಾಕೆಟ್ ಸುತ್ತಿ ಕಡ್ಡಿ ಗೀರಿದರೆ ಭಗ್ಗೆಂದು ಹತ್ತುತ್ತದೆ. ಕಸವೂ ಮುಗಿಯಿತು, ನೀರೂ ಕಾಯಿತು. ಇದನ್ನು ಜಾಣತನವೆಂದೇ ತಿಳಿದಿದ್ದೆ. ದಿನಕ್ಕೆ 2 ಪ್ಯಾಕೆಟ್, ವರ್ಷಕ್ಕೆ 730, ಹದಿಮೂರು ವರ್ಷಕ್ಕೆ 9490. ಲೆಕ್ಕ ಹಾಕಿದ್ದು ಆ ಸಂಜೆಯೇ. ಹಾಕಬಾರದಿತ್ತು ಅನ್ನಿಸಿತು.

ನನಗಿಂತ ಮೊದಲೇ ಇದನ್ನು ಕಂಡುಹಿಡಿದವರು ನನ್ನ ಅತ್ತೆ. ಅವರಿಗೆ ಬಚ್ಚಲೊಲೆ ಬೇಕಾದದ್ದು ನೀರಿಗಿಂತ ಹೆಚ್ಚಾಗಿ ಬೂದಿಗೆ. ಬೆಳಿಗ್ಗೆ ಒಲೆ ಬಾಚಿ, ಬೂದಿಯನ್ನು ಜರಡಿ ಹಿಡಿದು ಡಬ್ಬಿಗೆ ತುಂಬುತ್ತಿದ್ದರು. ಪಾತ್ರೆಗೆ ಅದೇ, ಬಸಳೆ ಬುಡಕ್ಕೆ ಅದೇ, ಬೀಜ ಕಾಪಿಡಲು ಅದೇ. ಮೊಗೆಕಾಯಿ ಬೀಜವನ್ನು ತೊಳೆದು ಬೂದಿಯಲ್ಲಿ ಕಲಸಿ, ಅಡುಗೆಮನೆಯ ಗೋಡೆಗೆ ಬಿಲ್ಲೆಯ ಹಾಗೆ ಬಡಿಯುತ್ತಿದ್ದರು. ಅಲ್ಲೇ ಒಣಗಿ ಮುಂದಿನ ವರ್ಷದವರೆಗೆ ಹುಳು ಮುಟ್ಟದೆ ಕೂತಿರುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಬಿತ್ತಿ, ಬೇಸಿಗೆಯಲ್ಲಿ ಕೊಯ್ದ ಕಾಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ತೊಲೆಗೆ ತೂಗುಹಾಕಿದರೆ ಮಳೆಗಾಲವಿಡೀ ಹುಳಿಗೆ ಯೋಚನೆಯಿಲ್ಲ. ಬೀಜ ಅವರ ತವರಿನಿಂದ ಬಂದದ್ದು.

ಪ್ಯಾಕೆಟ್ ಹಾಕತೊಡಗಿದ ಮೊದಲ ವರ್ಷವೇ ಒಂದು ಬೆಳಿಗ್ಗೆ ಅವರು ಜರಡಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಜರಡಿಯಲ್ಲಿ ಕರಗಿ ಹೆಪ್ಪುಗಟ್ಟಿದ ಕರಿ ಗಂಟುಗಳು. “ಇದು ಬೂದಿ ಅಲ್ದೇ ತಂಗಿ, ಎಂತದೋ ಕಿಟ್ಟ ಆಯ್ದು” ಎಂದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. “ಪಾತ್ರೆಗೆ ಸಾಬೂನು ತಂದಿದ್ದೀನಲ್ಲ ಅತ್ತೆ, ಬೂದಿ ಯಾಕೆ ಈಗ?” ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಸೊಸೆ ಓದಿದವಳು, ಮಕ್ಕಳಿಗೆ ಬುದ್ಧಿ ಹೇಳುವವಳು. ಆ ಬೂದಿಯಲ್ಲಿ ಬೀಜ ಕಲಸಲು ಅವರಿಗೆ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಒಂದು ವರ್ಷ ಕಾಗದದಲ್ಲಿ ಕಟ್ಟಿಟ್ಟರು, ಹುಳು ಹಿಡಿಯಿತು. ಅಲ್ಲಿಗೆ ಮುಗಿಯಿತು. 2015ರಲ್ಲಿ ಅತ್ತೆಯವರೂ ಹೋದರು. ಗೋಡೆಗೆ ಡಿಸ್ಟೆಂಪರ್ ಹೊಡೆಸಿದೆವು.

ಹಳೆಯದೆಲ್ಲ ಒಳ್ಳೆಯದು ಎಂದು ಹಾಡುವವಳು ನಾನಲ್ಲ. ಬೂದಿ ಹಾಕಿ ಪಾತ್ರೆ ತಿಕ್ಕಿ ತಿಕ್ಕಿ ಅತ್ತೆಯವರ ಬೆರಳ ತುದಿಗಳು ಬಿರಿದು, ಚಳಿಗಾಲದಲ್ಲಿ ಹುಳಿ ಕಲಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಪರಿಸರದ ಮೇಲೆ ಭಾಷಣ ಮಾಡುವ ಗಂಡಸರು ಸೀಗೆ, ಅಂಟುವಾಳ, ಬೂದಿ ಎಂದು ಕಣ್ಣರಳಿಸುವಾಗ ಆ ಬೆರಳುಗಳು ನನಗೆ ನೆನಪಾಗುತ್ತವೆ. ಪಾತ್ರೆಗೆ ನಾನು ಈಗಲೂ ಸಾಬೂನನ್ನೇ ಬಳಸುತ್ತೇನೆ. ಆದರೆ ಬೂದಿ ಕೆಟ್ಟದ್ದು ಸಾಬೂನಿನಿಂದಲ್ಲವಲ್ಲ.

ನನ್ನದು ಬಿ.ಎ., ಬಿ.ಎಡ್.; ರಸಾಯನಶಾಸ್ತ್ರ ದೂರ. ಮರುದಿನ ನಮ್ಮ ವಿಜ್ಞಾನದ ಮೇಷ್ಟರನ್ನು ಕೇಳಿದೆ. ಪ್ಯಾಕೆಟ್ ಪಾಲಿಥೀನಿನದು, ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ, ಸುಮಾರು 110 ಡಿಗ್ರಿಗೆ ಕರಗುತ್ತದೆ ಎಂದರು. ಸಾಕಷ್ಟು ಗಾಳಿ, ಸಾಕಷ್ಟು ಶಾಖ ಎರಡೂ ಸಿಕ್ಕರೆ ಪೂರ್ತಿ ಉರಿದೀತು. ಬಚ್ಚಲೊಲೆಯಲ್ಲಿ ಎರಡೂ ಸಾಲದು. ಅರೆಬರೆ ಉರಿದು ಮಸಿಯಾಗಿ, ಕಾರ್ಬನ್ ಮಾನಾಕ್ಸೈಡ್ ಆಗಿ, ಊದುವವಳ ಮೂಗಿಗೇ ಮೊದಲು ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಪಿವಿಸಿ: ತೋಟದ ಹಳೆಯ ಪೈಪಿನ ತುಂಡು, ವಯರಿನ ಸಿಪ್ಪೆ. ಅದರಲ್ಲಿ ಕ್ಲೋರಿನ್ ಇರುವುದರಿಂದ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಬೂದಿಯಲ್ಲೂ ಉಳಿಯುತ್ತದೆ, ಮೇವಿನ ಮೂಲಕ ದನದ ಕೊಬ್ಬಿಗೆ, ಹಾಲಿಗೆ ಸೇರುತ್ತದೆ, ವರ್ಷಗಟ್ಟಲೆ ಕರಗುವುದಿಲ್ಲ. ಪೈಪಿನ ತುಂಡನ್ನೂ ನಾವು ಹಾಕಿದ್ದಿದೆ. ಬೂದಿಯನ್ನು ಬಸಳೆಗೂ ಹಾಕಿದ್ದಿದೆ.

ಬಿಡುವುದೆಂದು ತೀರ್ಮಾನಿಸಿದೆ. ಆಗ ತಿಳಿಯಿತು ನೋಡಿ, ಪ್ಯಾಕೆಟ್ಟಿನ ನಿಜವಾದ ಉಪಕಾರ ಏನೆಂದು. ಅದಿದ್ದರೆ ಮುಂದಾಲೋಚನೆ ಬೇಡ. ತೆಂಗಿನ ಗರಿ ಜುಲೈಯಲ್ಲಿ ಬೇಕೆಂದರೆ ಏಪ್ರಿಲಿನಲ್ಲೇ ಒಣಗಿಸಿ ಸಿಗಿದು ಕಟ್ಟಿಡಬೇಕು. ಅಡಿಕೆ ಸಿಪ್ಪೆ ಸುಲಿಯುವ ಕಾಲಕ್ಕೇ ಚೀಲಕ್ಕೆ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಬೇಕು. ಆ ವರ್ಷ ನಮ್ಮಲ್ಲಿ ಒಂದೂ ಇರಲಿಲ್ಲ. ಒದ್ದೆ ಕಟ್ಟಿಗೆಯ ಮುಂದೆ ಕೂತು ಊದುತ್ತ ಅರ್ಧ ಗಂಟೆ ಕಣ್ಣೀರು ಸುರಿಸಿದೆ. ಇವರು ಬಾಗಿಲಲ್ಲಿ ನಿಂತು, “ಸೋಲಾರ್ ಹಾಕಿಸೋಣವೇನೇ?” ಎಂದರು. ಸೂರ್ಯನ ಮುಖ ಕಂಡು ಹದಿನೈದು ದಿನವಾಗಿತ್ತು. ಎರಡು ಬಾರಿ ಸೋತು ಪ್ಯಾಕೆಟ್ ಹಾಕಿದ್ದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಮರುವರ್ಷ ಬೇಸಿಗೆಯಲ್ಲೇ ಅಟ್ಟ ತುಂಬಿಸಿದೆ. ಪ್ಯಾಕೆಟ್ಟಿನ ಮೂಲೆಯನ್ನು ಈಗ ಪೂರ್ತಿ ಕತ್ತರಿಸುವುದಿಲ್ಲ. ಆ ಚಿಕ್ಕ ತುಂಡು ಯಾರ ಕೈಗೂ ಸಿಗದೆ ಮಣ್ಣಿಗೆ ಸೇರುತ್ತದೆ, ಅದಕ್ಕೆ ಅಂಟಿಕೊಂಡೇ ಇರುವಂತೆ ಸೀಳುತ್ತೇನೆ. ತೊಳೆದ ನೀರು ಕರಿಬೇವಿಗೆ, ಪ್ಯಾಕೆಟ್ ತಂತಿಯ ಮೇಲೆ. ಪಂಚಾಯಿತಿಯ ಸ್ವಚ್ಛ ವಾಹಿನಿಯನ್ನು ಸ್ವಸಹಾಯ ಸಂಘದ ಹೆಂಗಸೇ ಓಡಿಸಿಕೊಂಡು ಬರುತ್ತಾಳೆ. ಬಂದರೆ ಕೊಡುತ್ತೇನೆ. ಮಳೆಯಲ್ಲಿ ರಸ್ತೆ ಕೆಟ್ಟು ಮೂರು ವಾರ ಬರದಿದ್ದರೆ ಗೋಣಿಚೀಲ ಊದಿಕೊಳ್ಳುತ್ತದೆ, ಮನೆಗೆ ಬಂದವರು ಅದನ್ನೇ ನೋಡುತ್ತಾರೆ. ನೋಡಲಿ.

ಉಳಿದದ್ದು ಆ ಹುಡುಗಿ. ಸುಳ್ಳು ಹೇಳಲು ಒಂದು ಕ್ಷಣ ಸಾಕಾದವಳಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದೂವರೆ ವರ್ಷ ಬೇಕಾಯಿತು. ಅವಳು ಒಂಬತ್ತರ ಕೊನೆಗೆ ಬಂದಿದ್ದಳು. ತರಗತಿಯಲ್ಲೇ, ಎಲ್ಲರ ಎದುರಿಗೇ ಹೇಳಿದೆ: ಅವತ್ತು ನಮ್ಮ ಮನೆಯಲ್ಲಿ ತೆಂಗಿನ ಗರಿ ಇರಲಿಲ್ಲ, ಪ್ಯಾಕೆಟ್ಟೇ ಹಾಕುತ್ತಿದ್ದದ್ದು. ಹುಡುಗರು ಕಿಸಕ್ಕೆಂದರು. ಅವಳು ತಲೆ ತಗ್ಗಿಸಿ, “ಗೊತ್ತಿತ್ತು ಅಕ್ಕೋರೇ” ಎಂದಳು. ಆಮೇಲೆ ಹೊರಗೆ ಸಿಕ್ಕಾಗ ತಾನಾಗಿಯೇ ಹೇಳಿದಳು: “ಈಗ ವಾಸನೆ ಬರೂದಿಲ್ಲ.” ಅವಳ ಮನೆಯಲ್ಲಿ ಬಿಟ್ಟಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ. ಆ ಪ್ರಶ್ನೆ ಕೇಳುವ ಹಕ್ಕು ನನಗಿದೆ ಎನಿಸಲಿಲ್ಲ. ಮೊಗೆಕಾಯಿ ಬೀಜ ಇದೆಯೇ ಎಂದು ಮಾತ್ರ ಕೇಳಿದೆ.

ಅವಳ ಅಜ್ಜಿ ಗೋಡೆಯಿಂದ ಒಂದು ಬಿಲ್ಲೆ ಕಿತ್ತು ಕಾಗದದಲ್ಲಿ ಸುತ್ತಿ ಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ಹಾಕಿದೆ. ನಾಲ್ಕು ಕಾಯಿ ಸಿಕ್ಕವು. ಅತ್ತೆಯವರದು ಉದ್ದಕ್ಕೆ, ಪಟ್ಟೆಪಟ್ಟೆಯಾಗಿರುತ್ತಿತ್ತು; ಇದು ಗುಂಡಗೆ, ಸಿಪ್ಪೆ ದಪ್ಪ. ಮೂರನ್ನು ಹುಳಿ ಮಾಡಿದೆ, ನಾಲ್ಕನೆಯದನ್ನು ಬೀಜಕ್ಕೆ ಬಿಟ್ಟೆ. ಬೂದಿ ಈಗ ಬೆಳ್ಳಗೆ, ಹಿಟ್ಟಿನ ಹಾಗೆ ಜರಡಿಯಿಂದ ಇಳಿಯುತ್ತದೆ. ಬೀಜ ತೊಳೆದು, ಬೂದಿಯಲ್ಲಿ ಕಲಸಿ, ಅತ್ತೆಯವರು ಬಡಿಯುತ್ತಿದ್ದ ಜಾಗಕ್ಕೇ ಬಡಿದೆ. ಒಣಗಿದ ಮೇಲೆ ಉದುರಿಬಿಟ್ಟಿತು. ಡಿಸ್ಟೆಂಪರ್ ಗೋಡೆಗೆ ಅದು ಹಿಡಿಯುವುದಿಲ್ಲ. ಕೊಟ್ಟಿಗೆಯ ಮಣ್ಣುಗೋಡೆ ಒಂದು ಹಾಗೆಯೇ ಇದೆ. ಸದ್ಯಕ್ಕೆ ಅಲ್ಲಿ ಬಡಿದಿಟ್ಟಿದ್ದೇನೆ.