ಮಂಕರಿ ಲೆಕ್ಕ

ತುಮಕೂರು, 2 ಜುಲೈ 2023, ಭಾನುವಾರ

ಕತ್ತಲಾಗುವ ಹೊತ್ತಿಗೆ ಹೋದರೆ ಸಂತೆಯಲ್ಲಿ ತಕ್ಕಡಿ ಎತ್ತಿಟ್ಟಿರುತ್ತಾರೆ. ಆಮೇಲೆ ಎಲ್ಲ ಗುಡ್ಡೆ ಲೆಕ್ಕ. ಇನ್ನೂ ತಡವಾದರೆ ಮಂಕರಿ ಲೆಕ್ಕ. ಉಳಿದದ್ದನ್ನೆಲ್ಲ ಒಂದಕ್ಕೇ ಸುರಿದು “ನೂರೈವತ್ತು ಕೊಟ್ಟು ತಗೊಂಡೋಗಕ್ಕ, ನಂಗೂ ಬಸ್ಸಿಗೆ ಹೊತ್ತಾಯ್ತು” ಅನ್ನುತ್ತಾಳೆ ಸೊಪ್ಪಿನಮ್ಮ. ಆರಿಸುವ ಹಾಗಿಲ್ಲ. ಆರಿಸಿದರೆ ರೇಟೇ ಬೇರೆ. ಕಳೆದ ತಿಂಗಳಿಂದ ಹೆಂಗಸರಿಗೆ ಬಸ್ ಫ್ರೀ ಆಗಿದ್ದಕ್ಕೆ ಇಷ್ಟು ದೂರ ಬರೋದು ಗಿಟ್ಟುತ್ತಿದೆ.

ಇವತ್ತು ಸಿಕ್ಕಿದ್ದು: ಬಾಡಿದ ದಂಟಿನಸೊಪ್ಪು, ಬದನೆ, ಮೂಲಂಗಿ, ಸೀಮೆಬದನೆ, ಹೊರಗಿನ ಎಲೆ ಕಿತ್ತ ಕೋಸು, ಸಿಹಿಗುಂಬಳದ ಹೋಳು. ಟೊಮೆಟೊ ಇಲ್ಲ. ಕಿಲೋ ನೂರರ ಮೇಲಿರುವಾಗ ಅದನ್ನು ಯಾರು ಮಂಕರಿಗೆ ಸುರಿದಾರು!

5 ಜುಲೈ, ಬುಧವಾರ

ಏನು ಅಡುಗೆ ಅಂತ ಈಗ ನಾನು ಯೋಚಿಸುವುದಿಲ್ಲ, ಯಾವುದು ಮೊದಲು ಕೊಳೆಯುತ್ತದೋ ಅದೇ ಅಡುಗೆ. ಭಾನುವಾರ ರಾತ್ರಿಯೇ ಸೊಪ್ಪು ಬಿಡಿಸಿ, ಸೋಮವಾರ ಹೆಸರುಕಾಳಿನ ಜೊತೆ ಬೇಯಿಸಿ ಬಸಿದೆ. ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಖಾರದಪುಡಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಬಸ್ಸಾರು. ಬಸಿದ ಸೊಪ್ಪು-ಕಾಳು ಒಗ್ಗರಣೆ ಬಿದ್ದು ಪಲ್ಯ. ಹುಳಿಗೆ ಹುಣಸೆಹಣ್ಣು ಇದ್ದೇ ಇದೆ, ಟೊಮೆಟೊ ಹಂಗು ಯಾಕೆ? ಬದನೆಯಲ್ಲಿ ಅರ್ಧ ಹುಳುಕು. ಉಳಿದರ್ಧ ನಿನ್ನೆ ಗೊಜ್ಜಾಯಿತು. ಮೂಲಂಗಿ ಇವತ್ತು. ಕೋಸು, ಕುಂಬಳ ಗಟ್ಟಿ ಆಸಾಮಿಗಳು, ಶನಿವಾರದವರೆಗೆ ಕಾಯುತ್ತವೆ.

16 ಜುಲೈ, ಭಾನುವಾರ

“ಮತ್ತೆ ಸೀಮೆಬದನೆನಾ?” ಅಂತ ಮಗ ತಟ್ಟೆ ದೂಡಿದ. ಅತ್ತೆ ಅದರ ಸಿಪ್ಪೆಯನ್ನೂ ಬಿಡದೆ ಹುರಿದು, ಉದ್ದಿನಬೇಳೆ ಹಾಕಿ ಚಟ್ನಿ ಅರೆದರು. ಅದನ್ನು ದೋಸೆ ಜೊತೆ ಚಪ್ಪರಿಸಿಕೊಂಡು ತಿಂದ, ಏನೆಂದು ಕೇಳಲಿಲ್ಲ. ನಾವೂ ಹೇಳಲಿಲ್ಲ.

ಇವರು ರಾತ್ರಿ ಪುಸ್ತಕ ತೆಗೆದು ತರಕಾರಿ ಖರ್ಚು ಎಷ್ಟು ಇಳಿದಿದೆ ಅಂತ ಖುಷಿಯಾಗಿ ತೋರಿಸಿದರು. ಕೊಳೆತದ್ದು ತೆಗೆದು, ತೊಳೆದು, ಒರೆಸಿ, ಪೇಪರಲ್ಲಿ ಸುತ್ತಿಡುವಷ್ಟರಲ್ಲಿ ನನ್ನ ಭಾನುವಾರ ಹನ್ನೊಂದು ಗಂಟೆಗೆ ಮುಗಿಯುತ್ತದಲ್ಲ, ಅದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

23 ಆಗಸ್ಟ್, ಬುಧವಾರ

ನಾಡಿದ್ದು ವರಮಹಾಲಕ್ಷ್ಮಿ. ಹಬ್ಬದ ವಾರ ಮಂಕರಿ ಅನ್ನೋದೇ ಇರುವುದಿಲ್ಲ, ಬಾಡಿದ್ದೂ ಬಿಕರಿ. ಅಂಗಡಿ ರೇಟಿಗೇ ತಂದದ್ದಾಯಿತು. ಹೂವಿನ ರೇಟು ಬರೆಯುವುದು ಬೇಡ.

24 ಸೆಪ್ಟೆಂಬರ್, ಭಾನುವಾರ

ಮಂಕರಿ ತುಂಬ ಟೊಮೆಟೊ! ಜೊತೆಗೆ ಬೇರೇನು ಬೇಕಾದರೂ ಹಾಕುತ್ತೇನೆ, ಇದನ್ನು ಮಾತ್ರ ಎತ್ತಿಕೊಂಡು ಹೋಗು ಅಂತ ಸೊಪ್ಪಿನಮ್ಮನೇ ಗೋಗರೆದಳು. ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2000 ದಾಟಿತ್ತು. ಆ ರೇಟು ನೋಡಿ ಆಗ ಸಸಿ ನೆಟ್ಟವರದ್ದೆಲ್ಲ ಈಗ ಒಟ್ಟಿಗೇ ಕೊಯ್ಲಿಗೆ ಬಂದಿದೆ. ನೆಟ್ಟವರಲ್ಲಿ ತಂಗಿಯ ಗಂಡನೂ ಒಬ್ಬ. ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲ ಅಂತ ಅರ್ಧ ತೋಟ ಹಾಗೇ ಬಿಟ್ಟಿದ್ದಾನಂತೆ. ಜುಲೈಯಲ್ಲಿ ರೇಟು ಬೈದದ್ದೂ ನಾನೇ, ಈಗ ಅಗ್ಗವೆಂದು ಹೊತ್ತು ತಂದದ್ದೂ ನಾನೇ.

ಒಡೆದ ಹಣ್ಣು ಇವತ್ತಿನ ಸಾರಿಗೆ. ಗಟ್ಟಿಯವನ್ನು ಹೆಚ್ಚಿ, ನೀರು ಸೋಕಿಸದೆ, ಹುಣಸೆಹಣ್ಣು ಹಾಕಿ ಬಾಣಲೆಗಿಟ್ಟೆ. ಎಣ್ಣೆ ಅಂಚಿಗೆ ಬಿಡುವವರೆಗೆ ಕೈಯಾಡಿಸಬೇಕು. ಸಿಡಿದು ಮೊಣಕೈವರೆಗೆ ಕೆಂಪು ಚುಕ್ಕಿ. ಮೆಂತ್ಯ-ಸಾಸಿವೆ ಪುಡಿ ಅತ್ತೆಯ ಕೈಯಳತೆ. ಎರಡು ಬಾಟಲಿ ತೊಕ್ಕು ಆಯಿತು.

ನಿಂಗೊಂದು ಕಳಿಸಲೇನೇ ಅಂತ ತಂಗಿಗೆ ಫೋನ್ ಮಾಡಿದೆ. “ಟೊಮೆಟೊ ಬಿಟ್ಟು ಬೇರೆ ಏನಾದ್ರೂ ಕಳ್ಸಕ್ಕ” ಅಂದಳು.